ಎಂಬತ್ತೆಂಟನೆಯ ಪುಟದ ಪೆನ್ಸಿಲ್ ಗುರುತು

ಕೇಳ್ಮುಚ್ಚು ಶಕೆ ಐವತ್ತೆಂಟು, ಎರಡನೆಯ ಬುಧವಾರ
ನಿಮ್ಮ ಲೆಕ್ಕದಲ್ಲಿ ೨೧೪೯ನೆಯ ಇಸವಿ, ನಮ್ಮ ಲೆಕ್ಕದಲ್ಲಿ ಫೆಬ್ರವರಿ ಮೂವತ್ತು
ಹಿಂದಂಚೆ ಕಚೇರಿ, ಕೃಷ್ಣೆಯ ಎಡದಂಡೆ

ಏಳನೆಯ ಕೇಳುಗರಿಗೆ,

ಮೊದಲು ಕ್ಷಮೆ ಕೇಳುತ್ತೇನೆ. ಮೇಲಿನ ತಾರೀಖು ನೋಡಿ, ಆಫೀಸಿನವರು ಯಾರೋ ಕೀಟಲೆ ಮಾಡಿದ್ದಾರೆಂದು ಈ ಹಾಳೆಗಳನ್ನು ಮುದುರಿ ಎಸೆಯಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ, ವಾರಕ್ಕೆ ಎಂಟು ದಿನ, ಬುಧವಾರ ಎರಡು ಸಲ ಬರುತ್ತದೆ. ಮೊದಲನೆಯ ಬುಧವಾರ ಎಲ್ಲರೂ ಕೆಲಸಕ್ಕೆ ಹೋಗುತ್ತೇವೆ. ಎರಡನೆಯದರಲ್ಲಿ ಅಂಚೆಯವರ ಹೊರತು ಯಾರೂ ದುಡಿಯುವಂತಿಲ್ಲ. ಅಂದು ಹಳೆಯ ಸರಕಾರಗಳ ಗುಪ್ತ ಕಡತಗಳನ್ನು ಬಿಚ್ಚಿ, ಅವುಗಳಲ್ಲಿ ಹೆಸರಿರುವವರ ವಂಶಸ್ಥರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತೇವೆ. ಕೇಳ್ಮುಚ್ಚು ಎಂದರೆ ಜನರ ಮಾತು ಕದ್ದು ಕೇಳುವ ಯಂತ್ರಗಳನ್ನೆಲ್ಲ ಮುಚ್ಚಿದ ವರ್ಷ. ಆಗ ನನಗೆ ಮೂರು ತುಂಬಿತ್ತು. ನಾನು ಮಾತು ಮಾತಿಗೂ 'ಅಂದರೆ' ಎನ್ನುವುದು ನಿಮಗೆ ಕಿರಿಕಿರಿಯಾಗಬಹುದು. ಅದು ನನ್ನೊಬ್ಬಳ ಚಟವಲ್ಲ, ಇಡೀ ನಾಡಿನ ಚಟ. ಅದು ಎಲ್ಲಿಂದ ಬಂತೆಂದು ಹೇಳುವುದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ನನ್ನ ಹೆಸರು ತಂಗೆವ್ವ. ವಯಸ್ಸು ಅರವತ್ತೊಂದು. ಊರಿನ ಕಡತಮನೆಯಲ್ಲಿ ಓದುವವಳು. ನಿಮ್ಮ ಹೆಸರು ನನಗೆ ತಿಳಿಯದು, ಅದರ ಮೇಲೆ ಕಪ್ಪು ಬಳಿದಿದ್ದಾರೆ. ಉಳಿದಿರುವುದು 'ಕೇಳುಗ ೭' ಎಂಬುದಷ್ಟೆ. ಆದರೆ ನೀವು ಹೆಂಗಸೆಂದು ಗೊತ್ತು, ಮೂವತ್ತರ ಒಳಗಿನವರೆಂದು ಗೊತ್ತು, ನಿಮ್ಮ ಹೆಡ್‌ಫೋನಿನ ಎಡಗಿವಿಯ ಮೆತ್ತೆ ಹರಿದು ಅದಕ್ಕೆ ಕರವಸ್ತ್ರ ಸುತ್ತಿಕೊಂಡಿದ್ದೀರೆಂದೂ ಗೊತ್ತು. ಹೊಸದು ಕೊಡಿ ಎಂದು ನೀವು ಮೂರು ಸಲ ಅರ್ಜಿ ಹಾಕಿದ್ದೀರಿ. ದೇಶದ ಗುಟ್ಟುಗಳ ನಡುವೆ ಆ ಮೂರು ಅರ್ಜಿಗಳನ್ನೂ ನೂರ ಇಪ್ಪತ್ತು ವರ್ಷ ಜೋಪಾನವಾಗಿ ಇಟ್ಟಿದ್ದಾರೆ. ಮೆತ್ತೆ ಮಾತ್ರ ಬರಲಿಲ್ಲ. ನಿಮ್ಮನ್ನು ಏನೆಂದು ಕರೆಯಲಿ ಎಂದು ಬಹಳ ಯೋಚಿಸಿದೆ. ಕಾಲದಲ್ಲಿ ನೀವು ನನ್ನ ಮುತ್ತಜ್ಜಿಯ ಓರಗೆಯವರು, ವಯಸ್ಸಿನಲ್ಲಿ ನನಗೆ ಮಗಳಾಗುವಷ್ಟು ಚಿಕ್ಕವರು. ತಂಗೀ ಎನ್ನುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಇಂದು, ಅಂದರೆ ನಿಮ್ಮ ಈ ಗುರುವಾರ, ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ನಿಮ್ಮ ಕಿವಿಗೆ ಒಂದು ಫೋನು ಮಾತು ಬರುತ್ತದೆ. ನಲವತ್ತೊಂದು ಸೆಕೆಂಡಿನದು. ಅದನ್ನು ನೀವು ಇಂಗ್ಲಿಷಿನಲ್ಲಿ ಬರೆಯುತ್ತೀರಿ. ಬರೆದದ್ದರಲ್ಲಿ ಒಂದು ತಪ್ಪೂ ಇಲ್ಲ. ಆದರೂ ಆ ಬರಹದಿಂದ ನಾಳೆ ಮುಂಜಾನೆ ಮೌನೇಶ ಪತ್ತಾರ ಎಂಬ ಒಬ್ಬ ಮನುಷ್ಯ ಸಾಯುತ್ತಾನೆ, ಅವನ ಹಿಂದೆ ಇನ್ನೂ ಹತ್ತೊಂಬತ್ತು ಜನ ಸಾಯುತ್ತಾರೆ. ಊಟದ ಬಿಡುವಿನಲ್ಲಿ ಡಬ್ಬಿಯ ಚೀಲಕ್ಕೆ ಕೈ ಹಾಕಿದಾಗ ನಿಮಗೆ ಈ ಕಾಗದ ಸಿಗುವಂತೆ ಹಿಂದಂಚೆಯವರು, ಅಂದರೆ ಹಿಂದಿನ ಕಾಲಕ್ಕೆ ಕಾಗದ ಕಳಿಸುವವರು, ಲೆಕ್ಕ ಹಾಕಿದ್ದಾರೆ. ನಿಮ್ಮ ಕೋಣೆಯೊಳಗೆ ಫೋನು ಬಿಡುವುದಿಲ್ಲ, ಪೆನ್ನು ಬಿಡುವುದಿಲ್ಲ, ಊಟದ ಡಬ್ಬಿ ಮಾತ್ರ ಬಿಡುತ್ತಾರೆ ಎಂದು ನಿಮ್ಮ ಕಾವಲುಗಾರರ ನಿಯಮಪುಸ್ತಕದಲ್ಲಿ ಓದಿದ್ದೇವೆ. ನಾಲ್ಕು ಗಂಟೆಯವರೆಗೆ ಸಮಯವಿದೆ, ನಿಧಾನವಾಗಿ ಓದಿ.

ಮೌನೇಶ ಯಾರೆಂದು ನಿಮಗೆ ತಿಳಿಸಿರಲಾರರು. ನಿಮ್ಮ ಮನೆಯಲ್ಲಿ, ಅಂದರೆ ನಿಮ್ಮ ಇಲಾಖೆಯಲ್ಲಿ, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದಂತೆ ಗೋಡೆ ಹಾಕುವುದೇ ಮುಖ್ಯ ಕಸುಬು. ಒಬ್ಬ ಸಿಕ್ಕಿಬಿದ್ದರೆ ಉಳಿದವರು ಉಳಿಯಲಿ ಎಂಬ ಉದ್ದೇಶ, ಅದು ನನಗೆ ಅರ್ಥವಾಗುತ್ತದೆ. ಕೇಳುವವರಿಗೆ ದನಿ ಮಾತ್ರ ಗೊತ್ತು, ಮುಖ ಗೊತ್ತಿಲ್ಲ. ಮೇಲಿನ ಕೋಣೆಯಲ್ಲಿ ನಿರ್ಧಾರ ಮಾಡುವವರಿಗೆ ನಂಬರು ಗೊತ್ತು, ದನಿ ಗೊತ್ತಿಲ್ಲ. ಊರೊಳಗೆ ಬಂದು ಕೆಲಸ ಮುಗಿಸಿ ಹೋಗುವವರಿಗೆ ಫೋಟೋ ಗೊತ್ತು, ಹೆಸರು ಗೊತ್ತಿಲ್ಲ. ಇನ್ನೂರ ಹದಿನಾಲ್ಕು ಪುಟದ ಕಡತದಲ್ಲಿ ಮೌನೇಶನ ಹೆಸರು, ಮುಖ, ದನಿ ಮೂರನ್ನೂ ಬಲ್ಲವರು ಒಬ್ಬರೇ ಒಬ್ಬರು. ಅವರನ್ನು ಮಾಸ್ತರ ಎಂದು ಬರೆದಿದ್ದಾರೆ. ಮೌನೇಶನನ್ನು ನಡೆಸಿಕೊಂಡು ಬಂದ ಅಧಿಕಾರಿ ಅವರು.

ಮೌನೇಶ ಮೊಬೈಲು ರಿಪೇರಿ ಮಾಡುತ್ತಿದ್ದ. ಪತ್ತಾರರ ಮನೆಯವನು; ಅಜ್ಜ ಬಂಗಾರದ ಗುಂಡು ಬೆಸೆಯುತ್ತಿದ್ದ ಕೈಯಿಂದಲೇ ಮೊಮ್ಮಗ ಫೋನಿನೊಳಗಿನ ಕೂದಲಿನಷ್ಟು ತಂತಿ ಬೆಸೆಯುತ್ತಿದ್ದ. ಒಮ್ಮೆ ರಿಪೇರಿಗೆ ಬಂದ ಫೋನೊಂದು ಚಾಲೂ ಆದಾಗ ಅದರಲ್ಲಿ ಬಸ್ ನಿಲ್ದಾಣದ ನಕ್ಷೆ, ಜನ ಹೆಚ್ಚು ಸೇರುವ ಹೊತ್ತು, ಕಂಬಗಳ ಫೋಟೋ ಕಂಡವು. ಹೆದರಿದ. ಹೆದರಿದವರು ಸಾಮಾನ್ಯವಾಗಿ ಫೋನು ಮುಚ್ಚಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇವನು ಹೋಗಿ ಹೇಳಿದ. ಹೇಳಿದವನಿಗೆ ನಿಮ್ಮವರು ಚಹಾ ಕೊಟ್ಟು, ವಾಪಸು ಹೋಗು, ಆ ಫೋನಿನವರ ಜೊತೆ ಗೆಳೆತನ ಬೆಳೆಸು ಎಂದರು. ಎರಡು ವರ್ಷ ಅವನು ಆ ಗುಂಪಿನ ನಡುವೆ ಕೂತ. ಅವನು ಕೊಟ್ಟ ಸುಳಿವಿನಿಂದ ಎರಡು ಕಡೆ ಆಗಬೇಕಿದ್ದ ಸ್ಫೋಟ ಆಗಲಿಲ್ಲ. ಆ ಎರಡು ಊರಿನ ಜನ ಅಂದು ಎಂದಿನಂತೆ ಸಂತೆ ಮಾಡಿ ಮನೆಗೆ ಹೋದರು, ತಪ್ಪಿದ್ದು ಏನೆಂಬುದು ಅವರಿಗೆ ಇಂದಿಗೂ ಗೊತ್ತಿಲ್ಲ. ಹಾಗಾಗಿ ನಿಮ್ಮ ಕೆಲಸವೇ ಕೆಟ್ಟದ್ದು ಎಂದು ನಾನು ಹೇಳಲಾರೆ. ನಮ್ಮಲ್ಲಿ ಹಾಗೆ ಹೇಳುವವರು ಬೇಕಾದಷ್ಟಿದ್ದಾರೆ. ಅವರು ಪುಟ ತಿರುವಿ ನೋಡಿದವರಲ್ಲ.

ಮಾಸ್ತರರನ್ನು ಮೌನೇಶ ಭೇಟಿಯಾಗುತ್ತಿದ್ದುದು ಒಂದು ಮಣ್ಣು ಪರೀಕ್ಷಾ ಕೇಂದ್ರದಲ್ಲಿ. ಅದು ನಿಮ್ಮವರು ಹೂಡಿದ ನಾಟಕ. ಯಾರು ಬೇಕಾದರೂ ಗಂಟು ಹಿಡಿದು ಒಳಗೆ ಹೋಗಬಹುದು, ಬರಿಗೈಯಲ್ಲಿ ಹೊರಗೆ ಬರಬಹುದು, ಯಾರೂ ಯಾಕೆಂದು ಕೇಳುವುದಿಲ್ಲ. ಒಂದೇ ತೊಂದರೆಯೆಂದರೆ ಬೋರ್ಡು ನೋಡಿ ನಿಜವಾದ ರೈತರೂ ಬರತೊಡಗಿದರು. ಪಾಪ, ಮಾಸ್ತರ ಅವರ ಮಣ್ಣನ್ನೆಲ್ಲ ಬೇರೆ ಊರಿನ ಅಸಲಿ ಪ್ರಯೋಗಾಲಯಕ್ಕೆ ಕಳಿಸಿ, ವರದಿ ತರಿಸಿ ಕೊಡುತ್ತಿದ್ದರಂತೆ. ಮೇಲಿನವರು ಇದೇನೆಂದು ಕೇಳಿದ್ದಕ್ಕೆ 'ಸುಳ್ಳು ವರದಿ ಕೊಟ್ಟರೆ ಬೆಳೆ ಹಾಳಾಗುತ್ತದೆ' ಎಂದು ಉತ್ತರ ಬರೆದಿದ್ದಾರೆ. ಕಡತದಲ್ಲಿ ನನಗೆ ನಗು ಬಂದದ್ದು ಆ ಪುಟದಲ್ಲಿ ಮಾತ್ರ.

ಈಗ ಎಂಬತ್ತೆಂಟನೆಯ ಪುಟ. ಸಂಜೆ ನಿಮಗೆ ಕೇಳಿಸುವ ಮಾತು ಇದು. ಮೊದಲ ದನಿ ಆ ಗುಂಪಿನ ಮುಖಂಡನದು, ಎರಡನೆಯದು ಮೌನೇಶನದು.

"ನಾಳಿ ಹನ್ನೊಂದಕ್ಕ ಚೀಲ ನೀನ ಒಯ್ಯಬೇಕು. ಜಾಗಾ ನಿನಗ ಗೊತ್ತೈತಿ. ಏನಂತಿ?"

ಒಂಬತ್ತು ಸೆಕೆಂಡು ಯಾವ ದನಿಯೂ ಇಲ್ಲ.

"ಅಣ್ಣಾರ, ನನಗ ಅಂಗಡಿ ಅದ. ಮನ್ಯಾಗ ಹೆಂಡ್ತಿ ಅದಾಳ."

"ಅದಕ್ಕ?"

"ಹಂಗಾದ್ರ ನಾ ಬರ್ತೀನ್ರಿ."

ಅಲ್ಲಿಗೆ ಫೋನು ಕಟ್. ತಂಗೀ, ಅವನು ಏನು ಹೇಳಿದ ಎಂದು ನಿಮಗೆ ಬಿಡಿಸಿ ಹೇಳಬೇಕೆ? ಮನೆಯಿಂದ ಹೊರಡುವವರು ಹೋಗುತ್ತೇನೆ ಎನ್ನಬಾರದೆಂದು ನಿಮಗೂ ನಿಮ್ಮ ಅಜ್ಜಿ ಹೇಳಿಕೊಟ್ಟಿರುತ್ತಾರೆ. ಹೋಗುವವರು ಬರುತ್ತೇನೆ ಎನ್ನುತ್ತಾರೆ, ಕಳಿಸುವವರು ಬಾ ಎನ್ನುತ್ತಾರೆ. ಆ ಮನುಷ್ಯ ಚೀಲ ಒಯ್ಯುವುದು ನನ್ನಿಂದಾಗದು ಎಂದು ಹೇಳಿ, ಜೀವದ ಹೆದರಿಕೆಯ ನಡುವೆಯೂ ಮರ್ಯಾದೆ ಬಿಡದೆ ಅಪ್ಪಣೆ ಕೇಳಿ ಫೋನು ಇಟ್ಟ. ನಿಮ್ಮ ಕಾಗದದಲ್ಲಿ ಅದು 'ಇನ್ ದಟ್ ಕೇಸ್ ಐ ವಿಲ್ ಕಮ್' ಎಂದಾಯಿತು. ಹಾಗಿದ್ದರೆ ನಾನು ಬರುತ್ತೇನೆ. ಪದಕ್ಕೆ ಪದ ಸರಿ. ನಿಮಗೆ ಹಾಗೆಯೇ ಬರೆಯಲು ಹೇಳಿದ್ದರು. ಅದಕ್ಕೆ ಎರಡು ವರ್ಷ ಹಿಂದೆ ಇನ್ನೊಬ್ಬ ಕೇಳುಗ ಯಾರದೋ ಚೇಷ್ಟೆಯ ಮಾತಿಗೆ ತನ್ನದೇ ಅರ್ಥ ಹಚ್ಚಿ ಮೇಲಿನವರ ಮುಖಕ್ಕೆ ಮಸಿ ಬಳಿದಿದ್ದನಂತೆ. ಅಂದಿನಿಂದ ನಿಯಮ ಬಂತು: ಕೇಳುಗರು ಮಾತು ಮಾತ್ರ ಕೊಡಬೇಕು, ಅರ್ಥ ಹೇಳಬಾರದು, ಅರ್ಥ ಹೇಳುವವರು ಬೇರೆ ಇದ್ದಾರೆ. ಆ ಬೇರೆಯವರಿಗೆ ಕನ್ನಡ ಬಾರದು.

ಕಡತ ಓದಲು ನಮ್ಮಲ್ಲಿ ಓರೆಬೆಳಕು ಎಂಬ ದೀಪವಿದೆ, ಅಂದರೆ ಅಳಿಸಿದ್ದನ್ನೂ ತೋರಿಸುವ ದೀಪ. ಹೋದ ತಿಂಗಳು ಎಂಬತ್ತೆಂಟನೆಯ ಪುಟವನ್ನು ಅದರ ಕೆಳಗೆ ಇಟ್ಟಾಗ ನಿಮ್ಮ ಇಂಗ್ಲಿಷ್ ಸಾಲಿನ ಪಕ್ಕ, ಅಂಚಿನಲ್ಲಿ, ಪೆನ್ಸಿಲಿನಿಂದ ಬರೆದು ರಬ್ಬರಿನಿಂದ ಉಜ್ಜಿದ ಕನ್ನಡ ಕಾಣಿಸಿತು. 'ಹೊರಡ್ತೀನಿ ಅಂತಿದಾನಾ?' ಎಂದಿತ್ತು. ನೀವು ದಕ್ಷಿಣದ ಕಡೆಯವರೆಂದು ನನಗೆ ಗೊತ್ತಾದದ್ದು ಅದರಿಂದ. ನಿಮಗೆ ಅನುಮಾನ ಬಂದಿತ್ತು. ನೀವು ಸರಿಯಾಗಿಯೇ ಕೇಳಿದ್ದಿರಿ. ಬರೆದಿರಿ, ನಿಯಮ ನೆನಪಾಯಿತು, ಅಳಿಸಿದಿರಿ. ಆ ಗುರುತು ನೋಡಿ ನಾನು ದೀಪ ಆರಿಸಿದೆ. ನನಗೆ ಸಿಟ್ಟು ಬಂದಿತ್ತು. ಈಗಲೂ ಪೂರ್ತಿ ಹೋಗಿಲ್ಲ, ಸುಳ್ಳು ಹೇಳಲಾರೆ.

ಮುಂದಿನದು ಬೇಗ ಹೇಳುತ್ತೇನೆ. ಐದೂವರೆಗೆ ಮೇಲಿನ ಕೋಣೆಯಲ್ಲಿ ನಾಲ್ಕು ಜನ ಕೂತರು. ನಡಾವಳಿ ಪ್ರಕಾರ ಈ ವಿಷಯಕ್ಕೆ ಹನ್ನೊಂದು ನಿಮಿಷ ತೆಗೆದುಕೊಂಡರು. ಇದಾದ ಮೇಲಿನ ವಿಷಯ, ಅಂದರೆ ಕ್ಯಾಂಟೀನಿನ ಅಡುಗೆಯವರ ಬದಲಾವಣೆ, ಇಪ್ಪತ್ತು ನಿಮಿಷ ಹಿಡಿಯಿತು. 'ಮೂಲ ಮಗುಚಿದ್ದಾನೆ, ಒಪ್ಪಿಗೆಯನ್ನು ಸ್ವಂತ ಬಾಯಲ್ಲಿ ಹೇಳಿದ್ದಾನೆ' ಎಂದು ಬರೆದುಕೊಂಡರು. ಮೂಲ ಎಂದರೆ ಸುದ್ದಿ ಕೊಡುವವ, ಮಗುಚುವುದು ಎಂದರೆ ಆ ಕಡೆ ಸೇರುವುದು. ಬಂಧಿಸಿದರೆ ಕೋರ್ಟಿನಲ್ಲಿ ಎರಡು ವರ್ಷದ ಗುಟ್ಟೆಲ್ಲ ಹೊರಬೀಳುತ್ತದೆ ಎಂದು ಒಬ್ಬರು ಹೇಳಿದರು. ಆದ್ದರಿಂದ ತಟಸ್ಥಗೊಳಿಸುವುದು ಎಂದು ತೀರ್ಮಾನ. ನಮ್ಮ ಮಕ್ಕಳಿಗೆ ಈ ಪದ ಓದಿಸುವಾಗ ಅವರು ಪ್ರತಿಸಲ ಕೇಳುತ್ತಾರೆ, ತಟಸ್ಥ ಅಂದರೆ ದಡದಲ್ಲಿ ನಿಂತವನಲ್ಲವೇ, ಅವನಿಗೆ ಯಾಕೆ ಗುಂಡು ಹೊಡೆದರು ಎಂದು. ಮಾಸ್ತರರನ್ನು ಕೇಳೋಣವೇ ಎಂದು ಆ ನಾಲ್ವರಲ್ಲಿ ಯಾರೂ ಹೇಳಲಿಲ್ಲ. ತಾವು ಬೆಳೆಸಿದ ಮೂಲದ ಮೇಲೆ ಅಂಥವರಿಗೆ ಮಮತೆ ಇರುತ್ತದೆ ಎಂಬುದು ನಿಮ್ಮವರ ನಂಬಿಕೆ.

ಮರುದಿನ, ಅಂದರೆ ನಿಮ್ಮ ನಾಳೆ ಶುಕ್ರವಾರ, ಒಂಬತ್ತು ನಲವತ್ತಕ್ಕೆ ಮೌನೇಶ ಮಣ್ಣು ಪರೀಕ್ಷಾ ಕೇಂದ್ರದ ದಾರಿಯಲ್ಲಿ ನಡೆದು ಹೋಗುತ್ತಿದ್ದ. ಚೀಲ ಹೋಗುವ ಜಾಗ, ಹೊತ್ತು, ಒಯ್ಯಬಹುದಾದ ಬೇರೆಯವರ ಹೆಸರು, ಎಲ್ಲ ಅವನ ಬಾಯಲ್ಲಿತ್ತು. ಫೋನಿನಲ್ಲಿ ಏನೂ ಹೇಳಬಾರದು, ಎದುರೇ ಹೇಳಬೇಕು ಎಂದು ಕಲಿಸಿದವರು ಮಾಸ್ತರ. ಕಲಿಸಿದಂತೆ ಅವನು ನಡೆದ. ಕೈಯಲ್ಲಿ ಒಂದು ಗಂಟಿತ್ತು. ಮೋಟಾರು ಸೈಕಲಿನಲ್ಲಿ ಬಂದ ಇಬ್ಬರು ಫೋಟೋ ನೋಡಿಕೊಂಡು, ಎರಡು ಗುಂಡು ಹೊಡೆದು ಹೋದರು. ಗುಂಪಿನೊಳಗಿನ ಜಗಳ ಎಂದು ಸುದ್ದಿ ಬಿಟ್ಟರು, ಅದೂ ಮುಂಚೆಯೇ ಬರೆದಿಟ್ಟ ಸುದ್ದಿ, ನೂರ ಮೂರನೆಯ ಪುಟದಲ್ಲಿದೆ. ಬಾಂಬಿರಬಹುದೆಂದು ಗಂಟಿನ ಸುತ್ತ ಹಗ್ಗ ಕಟ್ಟಿ ಜನರನ್ನು ದೂರ ಸರಿಸಿದರು. ಟಿ.ವಿ.ಯವರು ಒಂದು ತಾಸು ಅದನ್ನೇ ತೋರಿಸಿದರು. ಊರಿನ ಪೊಲೀಸರೆಲ್ಲ ಆ ಗಂಟಿನ ಸುತ್ತ ಇದ್ದಾಗ, ಹನ್ನೊಂದು ಗಂಟೆಗೆ, ಬೇರೆ ಕಡೆ ನಿಜವಾದ ಚೀಲ ಸಿಡಿಯಿತು. ಒಂದು ಆಸ್ಪತ್ರೆಯ ಚೀಟಿ ಮಾಡಿಸುವ ಸಾಲು ಅದು. ಹತ್ತೊಂಬತ್ತು ಜನರ ಹೆಸರು ನನಗೆ ಬಾಯಿಪಾಠ, ಆದರೆ ಬರೆಯಲು ಹಿಂದಂಚೆಯವರು ಬಿಡುವುದಿಲ್ಲ. ಮಧ್ಯಾಹ್ನ ಯಂತ್ರದ ಕೈ ಗಂಟು ಬಿಚ್ಚಿತು. ಎಂಟು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎರಡು ಉಳ್ಳಾಗಡ್ಡಿ. ಅಷ್ಟು ಹೊತ್ತಿಗೆ ಟಿ.ವಿ.ಯವರು ಆಸ್ಪತ್ರೆಯ ಕಡೆ ಓಡಿದ್ದರು.

ಆ ಬುತ್ತಿ ಮಾಸ್ತರರಿಗೆಂದು ಒಯ್ದದ್ದು. ಮಾಸ್ತರ ಒಂದು ಗಂಟೆಯವರೆಗೆ ಕಾದು, 'ಮೂಲ ಬರಲಿಲ್ಲ' ಎಂದು ಬರೆದಿದ್ದಾರೆ. ಮಣ್ಣು ಪರೀಕ್ಷಾ ಕೇಂದ್ರ ಆ ವಾರವೇ ಮುಚ್ಚಿತು.

ಮೌನೇಶನ ಹೆಂಡತಿ ನಿಂಬೆವ್ವ, ನನ್ನ ಮುತ್ತಜ್ಜಿ. ಆಗ ಇಪ್ಪತ್ತಾರರ ಹುಡುಗಿ. ಉಗ್ರನ ಹೆಂಡತಿ ಎಂದು ಮನೆಯ ಗೋಡೆಯ ಮೇಲೆ ಬರೆದರು, ಬಾವಿಯಿಂದ ನೀರು ತರಲು ಬಿಡಲಿಲ್ಲ. ಊರು ಬಿಟ್ಟಳು. ಎರಡು ವರ್ಷದ ಮೇಲೆ ಶರಣಪ್ಪ ಎಂಬ ಬಸ್ ಕಂಡಕ್ಟರನನ್ನು ಮದುವೆಯಾದಳು. ಅವರಿಗೆ ಒಬ್ಬನೇ ಮಗ, ಅವನಿಗೆ ಒಬ್ಬಳೇ ಮಗಳು, ಆ ಮಗಳಿಗೆ ನಾನೊಬ್ಬಳೇ. ನನಗೆ ಮಕ್ಕಳಿಲ್ಲ. ನಮ್ಮದು ಒಂದೇ ಎಳೆಯ ವಂಶ. ನಿಂಬೆವ್ವ ತೊಂಬತ್ತನಾಲ್ಕು ವರ್ಷ ಬದುಕಿದಳು, ಅವಳ ತೊಡೆಯ ಮೇಲೆ ಕೂತು ಉಂಡ ನೆನಪು ನನಗಿದೆ. ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಲು ಯಾರಿಗೂ ಬಿಡುತ್ತಿರಲಿಲ್ಲ. ದೂರದೂರಿಗೆ ಹೋಗುವವರಿಗೂ ತಾಟಿನಲ್ಲಿ ತೆರೆದೇ ಕೊಡುತ್ತಿದ್ದಳು. ಅವಳನ್ನು ನೋಡಿ ನೋಡಿ ನಮ್ಮ ಓಣಿಯವರೂ ಜಾಳಿಗೆಯ ಚೀಲದಲ್ಲೇ ಎಲ್ಲ ಒಯ್ಯುವುದು ರೂಢಿಯಾಯಿತು. ಒಮ್ಮೆ ನಾನು ಯಾಕೆಂದು ಕೇಳಿದ್ದಕ್ಕೆ ಅವಳು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಬರ್ತೀನಿ ಅಂದಾಂವ ಬರಲಿಲ್ಲವ್ವ. ಬಾ ಅಂದಾಕಿ ಇನ್ನೂ ಕುಂತೀನಿ." ಶರಣಪ್ಪಜ್ಜ ಒಳ್ಳೆಯ ಮನುಷ್ಯ, ಅವಳನ್ನು ಒಂದು ದಿನವೂ ನೋಯಿಸಿದವನಲ್ಲ. ಆದರೂ ಅವಳು ಕಾದದ್ದು ಇನ್ನೊಬ್ಬನಿಗಾಗಿ. ಮೌನೇಶ ಉಗ್ರನಲ್ಲ ಎಂದು ತಿಳಿಯದೆ ಸತ್ತಳು. ಕಡತ ಬಿಚ್ಚುವುದಕ್ಕೆ ಇನ್ನೂ ಐವತ್ತು ವರ್ಷ ಬಾಕಿಯಿತ್ತು.

ಇಷ್ಟೇ ಆಗಿದ್ದರೆ ಒಂದು ಮನೆಯ ದುಃಖ ಎನ್ನಬಹುದಿತ್ತು. ನಿಮ್ಮ ನಂತರ ಹದಿನೈದು ವರ್ಷಕ್ಕೆ ಕೇಳುವ ಕೆಲಸ ಮನುಷ್ಯರ ಕೈಯಿಂದ ಹೋಯಿತು. ಯಂತ್ರಗಳು ಬಂದವು, ಎಲ್ಲರನ್ನೂ ಎಲ್ಲ ಹೊತ್ತಿನಲ್ಲೂ ಕೇಳತೊಡಗಿದವು. ಅವುಗಳಿಗೆ ಕನ್ನಡ ಕಲಿಸಲು ನಿಮ್ಮಂಥವರು ಬರೆದ ಹಳೆಯ ಪುಟಗಳನ್ನೇ ಕೊಟ್ಟರು, ಎಂಬತ್ತೆಂಟನೆಯ ಪುಟವನ್ನು ಒಳ್ಳೆಯ ಮಾದರಿ ಎಂದು ಆರಿಸಿಕೊಟ್ಟರು. ಮೌನದ ನಂತರ ಬರ್ತೀನಿ ಎಂದರೆ ಒಪ್ಪಿಗೆ ಎಂದು ಯಂತ್ರ ಕಲಿಯಿತು. ಊಹಿಸಿಕೊಳ್ಳಿ, ಕನ್ನಡದವರು ಫೋನು ಇಡುವುದೇ ಹಾಗೆ. ನಲವತ್ತಕ್ಕೂ ಹೆಚ್ಚು ವರ್ಷ ಆ ಪದ ಹೇಳಿದವರ ಮನೆಗೆ ಜೀಪು ಬಂತು. ಸೋದರತ್ತೆಗೆ ಬರ್ತೀನಿ ಎಂದವರು, ಡಾಕ್ಟರಿಗೆ ಬರ್ತೀನಿ ಎಂದವರು. ಕೆಲವರು ತಿರುಗಿ ಬಂದರು, ಕೆಲವರು ಬರಲಿಲ್ಲ. ಜನ ಹೆದರಿ ಪ್ರತಿ ಮಾತಿನ ಹಿಂದೆ ಅದರ ಅರ್ಥವನ್ನೂ ಹೇಳಲು ಶುರುಮಾಡಿದರು. ಬರ್ತೀನಿ, ಅಂದರೆ ಹೊರಟೆ. ಹೊಟ್ಟೆ ಉರೀತದ, ಅಂದರೆ ಖಾರ ತಿಂದೆ. ನಿನ್ನ ಕೊಂದೇ ಬಿಡ್ತೀನಿ, ಅಂದರೆ ಪ್ರೀತಿಗೆ ಬೈದೆ. ಇದನ್ನು ಇಮ್ಮಾತು ಎನ್ನುತ್ತೇವೆ. ಯಂತ್ರ ಮುಚ್ಚಿ ಐವತ್ತೆಂಟು ವರ್ಷವಾದರೂ ನಾಲಿಗೆಗೆ ಅದು ಗೊತ್ತಾಗಿಲ್ಲ. ನಮ್ಮ ಮನೆಗಳ ಬಾಗಿಲಲ್ಲಿ ಕಿವಿಗೂಡು ಇರುತ್ತದೆ, ಬಂದವರು ಚಪ್ಪಲಿಯ ಜೊತೆ ತಮ್ಮ ಯಂತ್ರಗಳನ್ನೂ ಅಲ್ಲಿ ಬಿಟ್ಟು ಒಳಗೆ ಬರುತ್ತಾರೆ. ಒಳಗೆ ಯಾರೂ ಕೇಳುವವರಿಲ್ಲ, ಆದರೂ ತೊಟ್ಟಿಲ ಪಕ್ಕದಲ್ಲಿ ಕೂತ ತಾಯಿ ಮಗುವಿಗೆ 'ಚಿನ್ನ' ಎಂದು, ಹಿಂದೆಯೇ 'ಅಂದರೆ ನೀನು' ಎಂದು ಸೇರಿಸುತ್ತಾಳೆ. ಜೋಗುಳಕ್ಕೂ ಅರ್ಥ ಹೇಳುವ ಜನ ನಾವು, ಇದಕ್ಕಿಂತ ಹಾಳು ಇನ್ನೇನಿದೆ.

ಹಿಂದಂಚೆ ಒಬ್ಬರಿಗೆ ಜೀವಮಾನದಲ್ಲಿ ಒಂದು ಕಾಗದಕ್ಕೆ ಅವಕಾಶ ಕೊಡುತ್ತದೆ. ಇಲ್ಲಿನ ಅಂಚೆಯವನ ಹೆಸರು ರುದ್ರಗೌಡ. ಬರೆಯಲು ಬಂದವರಿಗೆಲ್ಲ ಬೆಲ್ಲದ ಚಹಾ ಕೊಡುವುದು ಅವನ ಪದ್ಧತಿ. ಕಾಗದಗಳು ತಲುಪುತ್ತವೆಯೇ ಎಂದು ಕೇಳಿದೆ. ಅವನು ಬೆಂಚಿನ ಕಡೆ ಕೈ ತೋರಿಸಿ ಹೇಳಿದ. "ಸಂಜಿಕೆ ಲೋಟ ತೊಳಿಯೂ ಮುಂದ ನೋಡ್ತೀನ್ರಿ ಅಕ್ಕಾರ. ಮಂದಿ ನಾಕು ಬಂದಿದ್ರು ಅಂತ ನನಗ ನೆಪ್ಪ, ಚಾ ಕುಡದ ಲೋಟ ಐದ ಇರ್ತಾವ. ಐದನೇದ್ದು ಯಾರು ಕುಡದ್ರು ಅಂದ್ರ ಮಕಾನೂ ನೆಪ್ಪಿಲ್ಲ, ಹೆಸರೂ ನೆಪ್ಪಿಲ್ಲ." ಹಾಗೆಂದು ತನ್ನ ಚಹಾ ಆರಿಸಿಕೊಂಡು ಕುಡಿದ. ತಲುಪಿದ ಕಾಗದ ಬರೆದವರನ್ನೇ ಅಳಿಸಬಹುದು, ಅಷ್ಟನ್ನು ಅವನು ಹೇಳಬೇಕಾಗಿರಲಿಲ್ಲ.

ಮೌನೇಶ ಬದುಕಿದರೆ ನಿಂಬೆವ್ವ ಊರು ಬಿಡುವುದಿಲ್ಲ, ಶರಣಪ್ಪನ ಬಸ್ಸು ಹತ್ತುವುದಿಲ್ಲ. ನಾನು ಹುಟ್ಟುವುದಿಲ್ಲ. ರುದ್ರಗೌಡ ಇದನ್ನೂ ಕೇಳಿದ. "ಹಂಗ್ಯಾಕ ಬರೀತೀರಿ ಅಕ್ಕಾರ, ನಿಮಗ ಜೀವಾ ಬ್ಯಾಡಾಗ್ಯದೇನು?" ಬೇಡವಾಗಿಲ್ಲ. ನನಗೆ ಹೆದರಿಕೆ ಇದೆ, ಬರೆಯುವ ಕೈ ಎರಡು ಸಲ ನಿಂತಿದೆ, ನೀವು ಅಕ್ಷರ ನೋಡಿದರೆ ಎಲ್ಲೆಂದು ಕಾಣಿಸುತ್ತದೆ. ನನ್ನ ಮನೆಯ ಮುಂದಿನ ಬೇವಿನ ಗಿಡಕ್ಕೆ ನಾಳೆ ನೀರು ಯಾರು ಹಾಕುತ್ತಾರೆ ಎಂದು ಯೋಚಿಸಿದೆ. ಆಮೇಲೆ ಅದನ್ನು ನೆಟ್ಟವಳೂ ಇರುವುದಿಲ್ಲವಲ್ಲ ಎಂದು ಹೊಳೆದು ನಕ್ಕೆ. ಆದರೆ ಅರವತ್ತೊಂದು ವರ್ಷ ಉಂಡದ್ದು ಆ ಹತ್ತೊಂಬತ್ತು ಜನರ, ಆ ಒಬ್ಬನ ಪಾಲಿನ ಅನ್ನ ಎಂದು ಓರೆಬೆಳಕಿನ ಕೆಳಗೆ ಗೊತ್ತಾದ ಮೇಲೆ, ಈ ಕಚೇರಿಗೆ ನಡೆದು ಬಂದೆ. ನನ್ನ ಜೀವನ ಕೆಟ್ಟದಾಗಿರಲಿಲ್ಲ. ಸಾಕು.

ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಸಂಜೆ ಪೆನ್ಸಿಲಿನಿಂದ ಆ ಎರಡು ಪದ ಬರೆದಾಗ ರಬ್ಬರು ತೆಗೆದುಕೊಳ್ಳಬೇಡಿ. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಿ: ಇವನು ಒಲ್ಲೆ ಎಂದಿದ್ದಾನೆ, ಇದು ನಮ್ಮಲ್ಲಿ ಹೊರಡುವವರ ಮಾತು. ನಿಯಮ ಮುರಿದದ್ದಕ್ಕೆ ನಿಮ್ಮನ್ನು ಬಯ್ಯುತ್ತಾರೆ, ಬಹುಶಃ ಆ ಕುರ್ಚಿಯಿಂದ ಎಬ್ಬಿಸುತ್ತಾರೆ. ಸುಮ್ಮನಿದ್ದರೂ ನೀವು ಅಲ್ಲಿ ಬಹಳ ದಿನ ಕೂರುವುದಿಲ್ಲ ತಂಗೀ. ಕಡತದ ಕೊನೆಯಿಂದ ಎರಡನೆಯ ಪುಟದಲ್ಲಿ ನಿಮ್ಮದೇ ಇನ್ನೊಂದು ಅರ್ಜಿ ಇದೆ, ಹೆಡ್‌ಫೋನಿನದಲ್ಲ. ಸ್ಫೋಟವಾದ ಹನ್ನೊಂದನೆಯ ದಿನದ್ದು. 'ಎಂಬತ್ತೆಂಟನೆಯ ಪುಟದ ಅನುವಾದವನ್ನು ದಯವಿಟ್ಟು ಮತ್ತೊಮ್ಮೆ ನೋಡಬಹುದೇ' ಎಂದು ಒಂದೇ ಸಾಲು. ಅದರ ಮೇಲೆ 'ಕಡತ ಮುಚ್ಚಿದೆ' ಎಂಬ ಮೊಹರು ಬಿದ್ದಿದೆ. ಆ ಅರ್ಜಿಯನ್ನು ನೀವಿನ್ನೂ ಬರೆದಿಲ್ಲ. ಅದನ್ನು ಬರೆದ ಕೈಯ ಅಕ್ಷರ ನಾನು ನೋಡಿದ್ದೇನೆ, ಹೆಡ್‌ಫೋನಿನ ಅರ್ಜಿಯ ಅಕ್ಷರದಂತಿಲ್ಲ. ಆ ಕೈ ನಿಮ್ಮದಾಗದಿರಲಿ.

ರುದ್ರಗೌಡ ಮುಚ್ಚುವ ಹೊತ್ತಾಯಿತು ಎನ್ನುತ್ತಿದ್ದಾನೆ. ನನ್ನ ಚಹಾ ಮುಗಿದಿದೆ, ಲೋಟವನ್ನು ಬೆಂಚಿನ ಮೇಲೆ ಅವನಿಗೆ ಕಾಣುವಂತೆ ಇಟ್ಟಿದ್ದೇನೆ. ಇಡೀ ಕಾಗದದಲ್ಲಿ ಪ್ರತಿ ಮಾತಿಗೂ ಅರ್ಥ ಹೇಳಿದೆ. ಕೊನೆಯ ಮಾತಿಗೆ ಹೇಳುವುದಿಲ್ಲ. ಅದನ್ನು ಸರಿಯಾಗಿ ಕೇಳಬಲ್ಲವರು ನೀವೊಬ್ಬರೇ.

ಹಂಗಾದ್ರ ನಾ ಬರ್ತೀನ್ರಿ.